ಸ್ಪ್ಲೈಸ್ ತಾಣವನ್ನು ಬಿಟ್‌ನಲ್ಲಿ ಅಳೆಯುವ ಕ್ರಮ

ಕಾಸರಗೋಡು, ಮಂಜೇಶ್ವರ ಕಡೆಯ ಕಾಲೇಜುಗಳಲ್ಲಿ ಜೀವಶಾಸ್ತ್ರ ಓದುವವರಿಗೂ ಕಲಿಸುವವರಿಗೂ ಪ್ರಾಜೆಕ್ಟಿಗೆ ವಿಷಯ ಬೇಕಾದಾಗ ಕೈಗೆಟಕುವ ಕೆಲಸ ಇದು: ಜೀನಿನ ಆರ್‌ಎನ್‌ಎಯನ್ನು ಕೋಶ ಕತ್ತರಿಸಿ ಬೆಸೆಯುವ ಗಡಿಗಳು ಎಷ್ಟು ಬಲವಾದವು ಎಂದು ಅಳೆಯುವುದು. ಪ್ರಯೋಗಾಲಯ ಬೇಡ, ರಾಸಾಯನಿಕ ಬೇಡ. ಶಾಲೆಗಳ ಕಂಪ್ಯೂಟರ್ ಕೋಣೆಯಲ್ಲಿರುವ, ಕೇರಳದ ಶಾಲಾ ತಂತ್ರಜ್ಞಾನ ಸಂಸ್ಥೆ ಕೈಟ್‌ನ ಉಬುಂಟು, ಅದರೊಳಗಿನ ಲಿಬ್ರೆ ಆಫೀಸ್ ಕ್ಯಾಲ್ಕ್, ಒಮ್ಮೆ ಫೈಲ್ ಇಳಿಸಿಕೊಳ್ಳುವಷ್ಟು ಇಂಟರ್ನೆಟ್ ಇದ್ದರೆ ಮುಕ್ಕಾಲು ಪಾಲು ಮುಗಿಯುತ್ತದೆ. ಲಾಗರಿದಮ್ ಎಂದರೆ ಏನೆಂದು ಗೊತ್ತಿದ್ದರೆ ಸಾಕು. ಕೊನೆಯ ಭಾಗಕ್ಕೆ ಮಾತ್ರ ಆರ್‌ಎನ್‌ಎ ಸೀಕ್ವೆನ್ಸಿಂಗಿನ ದತ್ತಾಂಶ ಬೇಕು.

ಡಿಎನ್‌ಎಯ ನಾಲ್ಕು ಅಕ್ಷರಗಳನ್ನು ಇಲ್ಲಿ ಎ, ಸಿ, ಜಿ, ಟಿ ಎಂದೇ ಬರೆದಿದೆ. ಆರ್‌ಎನ್‌ಎಯಲ್ಲಿ ಟಿ ಇರುವಲ್ಲಿ ಯು ಎಂದು ಓದಿಕೊಳ್ಳಬೇಕು.

ಅಳೆಯುವುದು ಏನನ್ನು

ಜೀನಿನಿಂದ ಮೊದಲು ತಯಾರಾಗುವ ಆರ್‌ಎನ್‌ಎಯಲ್ಲಿ ಉಳಿಯಬೇಕಾದ ಎಕ್ಸಾನುಗಳ ನಡುವೆ ಹೋಗಬೇಕಾದ ಇಂಟ್ರಾನುಗಳು ಸೇರಿಕೊಂಡಿರುತ್ತವೆ. ಇಂಟ್ರಾನನ್ನು ಕತ್ತರಿಸಿ ತೆಗೆದು ಎಕ್ಸಾನುಗಳನ್ನು ಬೆಸೆಯುವುದೇ ಸ್ಪ್ಲೈಸಿಂಗ್. ಇದು ಬೆಳಕಿಗೆ ಬಂದದ್ದು 1977ರಲ್ಲಿ. ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ಇದಕ್ಕಾಗಿ 1993ರ ನೊಬೆಲ್ ಪಡೆದರು. ಇಂಟ್ರಾನ್ ಶುರುವಾಗುವ ಗಡಿಯೇ ಡೋನರ್ ತಾಣ, ಮುಗಿಯುವ ಗಡಿಯೇ ಅಕ್ಸೆಪ್ಟರ್ ತಾಣ. ಡೋನರನ್ನು ಮೊದಲು ಹಿಡಿಯುವುದು ಯು1 ಎಂಬ ಪುಟ್ಟ ಆರ್‌ಎನ್‌ಎ. ಎಕ್ಸಾನಿನ ಕೊನೆಯ 3 ಅಕ್ಷರ ಮತ್ತು ಇಂಟ್ರಾನಿನ ಮೊದಲ 6 ಅಕ್ಷರದ ಜತೆ ಅದರ ತುದಿ ಜೋಡಿಯಾಗುತ್ತದೆ. ಪೂರ್ತಿ ಹೊಂದುವ ಸಾಲು ಸಿ-ಎ-ಜಿ | ಜಿ-ಟಿ-ಎ-ಎ-ಜಿ-ಟಿ. ನಡುವಿನ ಗೆರೆಯೇ ಎಕ್ಸಾನ್-ಇಂಟ್ರಾನ್ ಗಡಿ. ನಿಜವಾದ ತಾಣಗಳಲ್ಲಿ ಹೆಚ್ಚಿನವು ಒಂದೆರಡು ಕಡೆಯಾದರೂ ಇದರಿಂದ ಸರಿದಿರುತ್ತವೆ. ಎಷ್ಟು ಸರಿದಿದೆ, ಸರಿದದ್ದರಿಂದ ಎಷ್ಟು ನಷ್ಟ ಎಂದು ಹೇಳಲು ಒಂದು ಮಾನ ಬೇಕು.

ಆ ಮಾನವೇ ಬಿಟ್. ಕ್ಲಾಡ್ ಶಾನನ್ 1948ರಲ್ಲಿ ದೂರಸಂಪರ್ಕಕ್ಕಾಗಿ ಕಟ್ಟಿದ ಲೆಕ್ಕವನ್ನು ಟಾಮ್ ಷ್ನೈಡರ್ ಮತ್ತು ಸಂಗಡಿಗರು 1986ರಲ್ಲಿ ಡಿಎನ್‌ಎಯ ಬಂಧನ ತಾಣಗಳಿಗೆ ಹೊಂದಿಸಿದರು. ನಾಲ್ಕು ಅಕ್ಷರಗಳಲ್ಲಿ ಯಾವುದೂ ಬರಬಹುದಾದ ಜಾಗದಲ್ಲಿ ಸರಿಯಾದದ್ದನ್ನು ಗುರುತಿಸಲು ಹೌದು-ಅಲ್ಲ ಎಂಬ ಎರಡು ಪ್ರಶ್ನೆ ಬೇಕು. ಅಂದರೆ ಅನಿಶ್ಚಿತತೆ 2 ಬಿಟ್. ಯಾವಾಗಲೂ ಜಿ ಮಾತ್ರ ಬರುವ ಜಾಗದಲ್ಲಿ ಅನಿಶ್ಚಿತತೆ ಸೊನ್ನೆ, ಆದ್ದರಿಂದ ಅಲ್ಲಿರುವ ಮಾಹಿತಿ 2 ಬಿಟ್. ನಡುವಿನ ಜಾಗಗಳಿಗೆ ನಡುವಿನ ಬೆಲೆ. 1992ರಲ್ಲಿ ಸ್ಟೀಫನ್ಸ್ ಮತ್ತು ಷ್ನೈಡರ್ ಮಾನವ ಜೀನುಗಳನ್ನು ಹೀಗೆ ಅಳೆದಾಗ ಡೋನರಿಗೆ ಸರಾಸರಿ 8 ಬಿಟ್, ಅಕ್ಸೆಪ್ಟರಿಗೆ 9ಕ್ಕಿಂತ ಸ್ವಲ್ಪ ಹೆಚ್ಚು ಬಂತು. ನಿಮ್ಮ ಲೆಕ್ಕ ಇದರ ಆಸುಪಾಸಿಗೆ ಬಾರದಿದ್ದರೆ ಹೊಸ ಸಂಶೋಧನೆ ಆಯಿತೆಂದು ಹಿಗ್ಗಬೇಡಿ. ಫೈಲ್ ತೆರೆದು ನಿರ್ದೇಶಾಂಕ (ಅಕ್ಷರ ಇರುವ ಜಾಗದ ಸಂಖ್ಯೆ) ನೋಡಿ.

ಸಾಲುಗಳನ್ನು ಕತ್ತರಿಸಿ ತೆಗೆಯುವುದು

ಈ ಕೆಲಸದಲ್ಲಿ ಕೆಡುವುದರಲ್ಲಿ ಹೆಚ್ಚಿನದು ಇಲ್ಲೇ ಕೆಡುತ್ತದೆ, ಲಾಗರಿದಮ್‌ನಲ್ಲಿ ಅಲ್ಲ. ಆದ್ದರಿಂದ ಇಲ್ಲಿ ನಿಧಾನ ಒಳ್ಳೆಯದು.

ಎನ್ಸೆಂಬಲ್, ಎನ್‌ಸಿಬಿಐ ಎಂಬ ಸಾರ್ವಜನಿಕ ದತ್ತಾಂಶ ಉಗ್ರಾಣಗಳಲ್ಲಿ ಒಂದರಿಂದ ಎರಡು ಫೈಲ್ ಇಳಿಸಿಕೊಳ್ಳಿ: ಜೀನೋಮಿನ ಅಕ್ಷರಗಳಿರುವ ಫಾಸ್ಟಾ ಮತ್ತು ಅದೇ ಆವೃತ್ತಿಯ, ಜೀನು-ಎಕ್ಸಾನುಗಳ ಜಾಗ ಹೇಳುವ ಜಿಎಫ್‌ಎಫ್3. ‘ಅದೇ ಆವೃತ್ತಿ’ ಎಂಬುದನ್ನು ಒತ್ತಿ ಹೇಳಬೇಕು. ಒಂದು ಆವೃತ್ತಿಯ ಸಾಲಿಗೆ ಇನ್ನೊಂದು ಆವೃತ್ತಿಯ ನಿರ್ದೇಶಾಂಕ ಹಚ್ಚಿದರೆ ಕಂಪ್ಯೂಟರ್ ಯಾವ ತಕರಾರನ್ನೂ ಮಾಡದೆ ಕಸ ಕೊಡುತ್ತದೆ.

ಜಿಎಫ್‌ಎಫ್‌ನಲ್ಲಿ ಎಣಿಕೆ 1ರಿಂದ ಶುರು, ಎರಡೂ ತುದಿ ಸೇರಿದ ಲೆಕ್ಕ. ಸಾಲು ಕತ್ತರಿಸುವ ತಂತ್ರಾಂಶಕ್ಕೆ ಕೊಡುವ ಬೆಡ್ ಫೈಲಿನಲ್ಲಿ ಎಣಿಕೆ 0ಯಿಂದ ಶುರು, ಕೊನೆಯ ತುದಿ ಸೇರುವುದಿಲ್ಲ. ಜಿಎಫ್‌ಎಫ್‌ನಲ್ಲಿ ಎಕ್ಸಾನಿನ ಸಣ್ಣ ಸಂಖ್ಯೆಯನ್ನು ‘ಆದಿ’, ದೊಡ್ಡದನ್ನು ‘ಅಂತ್ಯ’ ಎಂದು ಕರೆದರೆ, ಬೆಡ್‌ನಲ್ಲಿ ಬರೆಯಬೇಕಾದದ್ದು ಹೀಗೆ (ಪ್ಲಸ್, ಮೈನಸ್ ಎಂದರೆ ಡಿಎನ್‌ಎಯ ಎದುರುಬದುರಾದ ಎರಡು ಎಳೆ):

ಪ್ಲಸ್ ಎಳೆಯ ಡೋನರ್, 9 ಅಕ್ಷರ: ಅಂತ್ಯ − 3 ರಿಂದ ಅಂತ್ಯ + 6.
ಮೈನಸ್ ಎಳೆಯ ಡೋನರ್: ಆದಿ − 7 ರಿಂದ ಆದಿ + 2.
ಪ್ಲಸ್ ಎಳೆಯ ಅಕ್ಸೆಪ್ಟರ್, 23 ಅಕ್ಷರ: ಆದಿ − 21 ರಿಂದ ಆದಿ + 2.
ಮೈನಸ್ ಎಳೆಯ ಅಕ್ಸೆಪ್ಟರ್: ಅಂತ್ಯ − 3 ರಿಂದ ಅಂತ್ಯ + 20.

ಮೈನಸ್ ಎಳೆಯಲ್ಲಿ ಜೀನು ಬಲದಿಂದ ಎಡಕ್ಕೆ ಓದಿಕೊಳ್ಳುವುದರಿಂದ ಡೋನರ್ ಎಕ್ಸಾನಿನ ‘ಆದಿ’ಯ ಕಡೆಗೆ ಬರುತ್ತದೆ. ಬೆಡ್‌ಟೂಲ್ಸ್ ಎಂಬ ತಂತ್ರಾಂಶದ ಗೆಟ್‌ಫಾಸ್ಟಾ ಆದೇಶಕ್ಕೆ ಎಳೆಯನ್ನು ಗಮನಿಸುವ ಮೈನಸ್-ಎಸ್ ಆಯ್ಕೆ ಕೊಟ್ಟರೆ ಅದೇ ತಿರುಗಿಸಿ, ಪೂರಕ ಅಕ್ಷರ ಹಾಕಿ ಕೊಡುತ್ತದೆ. ಬೆಡ್ ಫೈಲಿನ ಆರನೆಯ ಕಾಲಮಿನಲ್ಲಿ ಎಳೆಯ ಚಿಹ್ನೆ ಇಲ್ಲದಿದ್ದರೆ ಈ ಆಯ್ಕೆಯಿಂದ ಪ್ರಯೋಜನ ಇಲ್ಲ.

ಕೊನೆಯ ಎಕ್ಸಾನಿಗೆ ಡೋನರ್ ಇಲ್ಲ, ಮೊದಲ ಎಕ್ಸಾನಿಗೆ ಅಕ್ಸೆಪ್ಟರ್ ಇಲ್ಲ, ಇವನ್ನು ಕೈಬಿಡಿ. ಒಂದೇ ಜೀನಿನ ಹತ್ತು ಟ್ರಾನ್ಸ್‌ಕ್ರಿಪ್ಟ್‌ಗಳಲ್ಲಿ (ಆರ್‌ಎನ್‌ಎ ರೂಪಗಳಲ್ಲಿ) ಒಂದೇ ತಾಣ ಹತ್ತು ಸಲ ಬರುತ್ತದೆ. ಕ್ರೋಮೊಸೋಮ್, ನಿರ್ದೇಶಾಂಕ, ಎಳೆ ಈ ಮೂರೂ ಒಂದೇ ಆಗಿರುವುದನ್ನು ಒಮ್ಮೆ ಮಾತ್ರ ಇಟ್ಟುಕೊಳ್ಳಬೇಕು. ಸಾಲು ಒಂದೇ ಎಂಬ ಕಾರಣಕ್ಕೆ ತೆಗೆಯಬಾರದು: ಬೇರೆ ಬೇರೆ ಜೀನುಗಳಲ್ಲಿ ಒಂದೇ 9 ಅಕ್ಷರ ಬರುವುದೇ ನಾವು ಎಣಿಸಬೇಕಾದ ಸಂಗತಿ. ಸಣ್ಣಕ್ಷರಗಳನ್ನು ದೊಡ್ಡಕ್ಷರ ಮಾಡಿ, ಗೊತ್ತಿಲ್ಲದ ಅಕ್ಷರವಿರುವ ಸಾಲುಗಳನ್ನು ಬಿಡಿ.

ಈಗ ಒಂದು ತಪಾಸಣೆ. 9 ಅಕ್ಷರದಲ್ಲಿ 4 ಮತ್ತು 5ನೆಯವು ಜಿ-ಟಿ ಆಗಿರುವ ಸಾಲು ಎಷ್ಟು? ಮಾನವ ಜೀನುಗಳಲ್ಲಿ ಸುಮಾರು 99 ಪ್ರತಿಶತ ಬರಬೇಕು. ಉಳಿದದ್ದರಲ್ಲಿ ದೊಡ್ಡ ಪಾಲು ಜಿ-ಸಿ. ಜಿ-ಟಿ ಒಂದು ಮನೆ ಪಕ್ಕಕ್ಕೆ ಸರಿದು ಕಂಡರೆ 0 ಮತ್ತು 1ರ ಗೊಂದಲ. ಅರ್ಧದಷ್ಟು ಸರಿ, ಅರ್ಧದಷ್ಟು ಅಡ್ಡಾದಿಡ್ಡಿ ಬಂದರೆ ಮೈನಸ್ ಎಳೆ ಕೆಟ್ಟಿದೆ. 5 ಮತ್ತು 6ನೆಯ ಅಕ್ಷರ ಎ-ಸಿ ಎಂದು ಕಂಡರೆ ಜಾಗ ಸರಿ, ತಿರುಗಿಸಲು ಮರೆತಿದ್ದೀರಿ. ಇಷ್ಟು ನೋಡದೆ ಮುಂದಿನ ಹೆಜ್ಜೆಗೆ ಹೋಗಬೇಡಿ.

ಎ-ಟಿಯಿಂದ ಶುರುವಾಗುವ ಬೆರಳೆಣಿಕೆಯ ಇಂಟ್ರಾನುಗಳಲ್ಲಿ ಹಲವನ್ನು ಕತ್ತರಿಸುವುದು ಯು12 ಎಂಬ ಬೇರೆಯೇ ಯಂತ್ರ. ಅವನ್ನು ಬೇರೆ ಹಾಳೆಗೆ ಹಾಕಿ. ಎರಡು ಯಂತ್ರಗಳ ತಾಣಗಳನ್ನು ಬೆರೆಸಿ ಸರಾಸರಿ ತೆಗೆದರೆ ಅದು ಯಾವುದಕ್ಕೂ ಸೇರದ ಸಂಖ್ಯೆ.

ಎಣಿಕೆ, ಆಮೇಲೆ ಲಾಗ್

ಕ್ಯಾಲ್ಕ್‌ನ ಮೊದಲ ಕಾಲಮಿನಲ್ಲಿ ಸಾಲುಗಳನ್ನು ಅಂಟಿಸಿ. ಪಕ್ಕದ 9 ಕಾಲಮಿನಲ್ಲಿ ‘ಮಿಡ್’ ಫಂಕ್ಷನ್ನಿನಿಂದ ಒಂದೊಂದು ಅಕ್ಷರ ಬಿಡಿಸಿ. ಕೆಳಗೆ ‘ಕೌಂಟ್‌ಇಫ್’ನಿಂದ ಪ್ರತಿ ಕಾಲಮಿನ ಎ, ಸಿ, ಜಿ, ಟಿ ಎಣಿಸಿ ಒಟ್ಟು ಸಾಲುಗಳಿಂದ ಭಾಗಿಸಿ. ಪ್ರತಿ ಕಾಲಮಿನ ಮೊತ್ತ 1 ಬರಬೇಕು. ಒಂದು ಹಾಳೆಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಾಲು ಹಿಡಿಯುತ್ತದೆ, ಆದರೆ ಹಳೆಯ ಕಂಪ್ಯೂಟರಿನಲ್ಲಿ ಅಷ್ಟಕ್ಕೆಲ್ಲ ಫಂಕ್ಷನ್ ಹಾಕಿದರೆ ಕಾಯಬೇಕಾಗುತ್ತದೆ. ಕಲಿಯಲು 1000 ಸಾಲು ಸಾಕು.

ಮಾನವ ಡೋನರುಗಳಲ್ಲಿ ಬರುವ ಪ್ರಮಾಣ ಹೆಚ್ಚುಕಡಿಮೆ ಹೀಗಿರುತ್ತದೆ. ಅಭ್ಯಾಸಕ್ಕೆಂದು ದುಂಡು ಮಾಡಿದ ಅಂಕಿಗಳು ಇವು. ಗಡಿಯಿಂದ ಎಣಿಸಿದ ಸ್ಥಾನಕ್ಕೆ ಎಕ್ಸಾನಿನ ಕಡೆ ಮೈನಸ್, ಇಂಟ್ರಾನಿನ ಕಡೆ ಪ್ಲಸ್. ನಿಮ್ಮ ಎಣಿಕೆ ಸಿದ್ಧವಾದ ಮೇಲೆ ಅದನ್ನೇ ಬಳಸಿ.

| ಸ್ಥಾನ | ಎ | ಸಿ | ಜಿ | ಟಿ |
|---|---|---|---|---|
| −3 | 0.33 | 0.36 | 0.19 | 0.12 |
| −2 | 0.60 | 0.13 | 0.13 | 0.14 |
| −1 | 0.08 | 0.03 | 0.81 | 0.08 |
| +1 | 0 | 0 | 1 | 0 |
| +2 | 0 | 0 | 0 | 1 |
| +3 | 0.50 | 0.03 | 0.44 | 0.03 |
| +4 | 0.71 | 0.08 | 0.12 | 0.09 |
| +5 | 0.06 | 0.05 | 0.84 | 0.05 |
| +6 | 0.16 | 0.18 | 0.20 | 0.46 |

ಒಂದು ಸ್ಥಾನದ ಮಾಹಿತಿ = 2 − ಅನಿಶ್ಚಿತತೆ. ಅನಿಶ್ಚಿತತೆ ಎಂದರೆ ಪ್ರತಿ ಅಕ್ಷರದ ಪ್ರಮಾಣವನ್ನು ಅದೇ ಪ್ರಮಾಣದ 2ರ ಆಧಾರದ ಲಾಗ್‌ನಿಂದ ಗುಣಿಸಿ, ನಾಲ್ಕನ್ನೂ ಕೂಡಿ, ಚಿಹ್ನೆ ಬದಲಿಸಿದ್ದು. +5ನೆಯ ಸ್ಥಾನಕ್ಕೆ ಮಾಡಿದರೆ 0.24 + 0.22 + 0.21 + 0.22, ಅಂದರೆ ಸುಮಾರು 0.89, ಮಾಹಿತಿ 1.11 ಬಿಟ್. ಎಲ್ಲ ಒಂಬತ್ತನ್ನೂ ಕೂಡಿದರೆ ಸುಮಾರು 8.2 ಬಿಟ್. ಕ್ಯಾಲ್ಕ್‌ನ ‘ಲಾಗ್’ ಫಂಕ್ಷನ್ನಿಗೆ ಎರಡನೆಯ ಅಂಕಿಯಾಗಿ 2 ಕೊಡದಿದ್ದರೆ ಅದು 10ರ ಆಧಾರದಲ್ಲಿ ಲೆಕ್ಕ ಮಾಡುತ್ತದೆ. ಆಗ ಲಾಗ್‌ನ ಬೆಲೆ ಬರಬೇಕಾದ್ದರ ಮೂರನೇ ಒಂದು ಪಾಲಿಗೂ ಕಡಿಮೆಯಾಗಿ, ಅನಿಶ್ಚಿತತೆ ಕುಗ್ಗಿ, ಮಾಹಿತಿ ಉಬ್ಬಿ ಕಾಣುತ್ತದೆ.

ಸಾಲು ಕಡಿಮೆ ಇದ್ದರೂ ಮಾಹಿತಿ ಉಬ್ಬುತ್ತದೆ. ನಾಲ್ಕು ಸಾಲಿನಲ್ಲಿ ನಾಲ್ಕೂ ಕಡೆ ಎ ಬಂದರೆ ಅದು ನಿಯಮವೋ ಆಕಸ್ಮಿಕವೋ ಹೇಳಲಾಗದಲ್ಲ? ಇದಕ್ಕೆ ತಿದ್ದುಪಡಿ: ಪ್ರತಿ ಸ್ಥಾನದ ಮಾಹಿತಿಯಿಂದ 2.16 ಭಾಗಿಸು ಸಾಲುಗಳ ಸಂಖ್ಯೆಯನ್ನು ಕಳೆಯಿರಿ. 20 ಸಾಲಿದ್ದರೆ ಸ್ಥಾನಕ್ಕೆ 0.11 ಬಿಟ್, ಒಂಬತ್ತಕ್ಕೆ ಒಂದು ಬಿಟ್ ಹತ್ತಿರ ಹೋಗುತ್ತದೆ. 1000 ಸಾಲಿದ್ದರೆ ಮರೆತರೂ ನಷ್ಟವಿಲ್ಲ. 50ಕ್ಕಿಂತ ಕಡಿಮೆ ಸಾಲಿನಿಂದ ಯಾವ ತೀರ್ಮಾನಕ್ಕೂ ಬರಬಾರದು ಎಂಬುದು ನಮ್ಮ ಪಟ್ಟು.

ಒಂದೇ ತಾಣದ ಬೆಲೆ: ಬೀಟಾ ಗ್ಲೋಬಿನ್

ಸರಾಸರಿ ಗೊತ್ತಾದ ಮೇಲೆ ಬಿಡಿ ತಾಣಕ್ಕೆ ಬೆಲೆ ಕಟ್ಟಬಹುದು. ಈ ದಾರಿಯನ್ನು 1997ರಲ್ಲಿ ಷ್ನೈಡರ್ ತೋರಿಸಿದರು. ಮರುವರ್ಷ ಪೀಟರ್ ರೋಗನ್ ಜತೆ ಸೇರಿ ಮಾನವ ರೋಗಗಳ ಸ್ಪ್ಲೈಸ್ ಬದಲಾವಣೆಗಳ ಮೇಲೆ ಪ್ರಯೋಗಿಸಿದರು. ಕ್ರಮ ಸರಳ. ಪ್ರತಿ ಸ್ಥಾನದಲ್ಲಿ ಇರುವ ಅಕ್ಷರದ ಪ್ರಮಾಣದ ಲಾಗ್‌ಗೆ 2 ಕೂಡಿಸಿ, ಒಂಬತ್ತನ್ನೂ ಕೂಡಿ. ಪ್ರಮಾಣ 0.25ಕ್ಕಿಂತ ಕಡಿಮೆ ಇರುವ ಅಕ್ಷರ ಋಣ ಬೆಲೆ ತರುತ್ತದೆ.

ಅಭ್ಯಾಸಕ್ಕೆ, ರಕ್ತದ ಹಿಮೋಗ್ಲೋಬಿನ್ನಿನ ಒಂದು ಭಾಗಕ್ಕೆ ಕಾರಣವಾದ ಬೀಟಾ ಗ್ಲೋಬಿನ್ ಜೀನಿನ ಮೊದಲ ಇಂಟ್ರಾನಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಬೀಟಾ ಥಲಸೀಮಿಯಾ ಎಂಬ ಆನುವಂಶಿಕ ರಕ್ತಹೀನತೆಗೆ ಭಾರತದಲ್ಲಿ ಅತಿ ಹೆಚ್ಚಾಗಿ ಕಾರಣವಾಗುವ ಬದಲಾವಣೆ ಅದರ ಡೋನರಿನಲ್ಲೇ ಇದೆ: ಇಂಟ್ರಾನಿನ 5ನೆಯ ಅಕ್ಷರ ಜಿ ಹೋಗಿ ಸಿ ಆಗುವುದು. ಜೀನು 11ನೆಯ ಕ್ರೋಮೊಸೋಮಿನ ಮೈನಸ್ ಎಳೆಯಲ್ಲಿರುವುದರಿಂದ ಮೇಲಿನ ನಿರ್ದೇಶಾಂಕದ ಪಾಠಕ್ಕೂ ಇದೇ ಪರೀಕ್ಷೆ ಆಗುತ್ತದೆ.

ಆರೋಗ್ಯವಂತ ಸಾಲು ಸಿ-ಎ-ಜಿ | ಜಿ-ಟಿ-ಟಿ-ಜಿ-ಜಿ-ಟಿ. ಬೆಲೆಗಳು ಕ್ರಮವಾಗಿ 0.53, 1.26, 1.70, 2, 2, −3.06, −1.06, 1.75, 0.88. ಮೊತ್ತ 6.0 ಬಿಟ್. ಸರಾಸರಿ 8.2ಕ್ಕಿಂತ ಕಡಿಮೆ, ಕಾರಣ +3ರಲ್ಲಿರುವ ಟಿ. ಯು1ಗೆ ಪೂರ್ತಿ ಹೊಂದುವ ಸಾಲಿಗೆ ಇದೇ ಕೋಷ್ಟಕದಲ್ಲಿ 12.6 ಬರುತ್ತದೆ.

5ನೆಯ ಅಕ್ಷರ ಸಿ ಆದಾಗ 1.75 ಹೋಗಿ −2.32 ಬರುತ್ತದೆ. ನಷ್ಟ 4.07 ಬಿಟ್, ಉಳಿದದ್ದು 1.9. ಒಂದು ಬಿಟ್ ಇಳಿದರೆ ಬಂಧನದ ಬಲ ಕನಿಷ್ಠ ಅರ್ಧಕ್ಕೆ ಇಳಿಯುತ್ತದೆಂಬುದು ಸಿದ್ಧಾಂತ. ಹಾಗೆ ನೋಡಿದರೆ ಇಲ್ಲಿ ಸುಮಾರು 17 ಪಟ್ಟು ಕುಸಿತ. 6ನೆಯ ಅಕ್ಷರ ಟಿ ಹೋಗಿ ಸಿ ಆಗುವ ಇನ್ನೊಂದು ಬದಲಾವಣೆಯಿದೆ: ನಷ್ಟ 1.35 ಬಿಟ್, ಉಳಿದದ್ದು 4.65. ರೋಗದ ತೀವ್ರತೆಯೂ ಇದೇ ಕ್ರಮದಲ್ಲಿದೆ. 6ರದ್ದು ಸೌಮ್ಯ, 5ರದ್ದು ತೀವ್ರ. 1ನೆಯ ಅಕ್ಷರ ಜಿ ಹೋಗಿ ಟಿ ಆದರೆ ಸರಿಯಾದ ಸ್ಪ್ಲೈಸಿಂಗ್ ಪೂರ್ತಿ ನಿಲ್ಲುತ್ತದೆ.

ಆ ಕೊನೆಯದನ್ನು ಲೆಕ್ಕ ಹಾಕಹೊರಟರೆ ಕ್ಯಾಲ್ಕ್ ದೋಷ ತೋರಿಸುತ್ತದೆ, ಸೊನ್ನೆಗೆ ಲಾಗ್ ಇಲ್ಲವಲ್ಲ. ಉಪಾಯ: ಎಣಿಕೆಯ ಹಂತದಲ್ಲೇ ಪ್ರತಿ ಮನೆಗೂ ಅರ್ಧ ಕೂಡಿಸಿ, ಒಟ್ಟಿಗೆ 2 ಕೂಡಿಸಿ. 1000 ಸಾಲಿನಲ್ಲಿ ಒಮ್ಮೆಯೂ ಬಾರದ ಅಕ್ಷರದ ಪ್ರಮಾಣ ಆಗ 0.0005, ಬೆಲೆ ಸುಮಾರು −9. ತಾಣದ ಬೆಲೆ −5ಕ್ಕೆ ಇಳಿಯುತ್ತದೆ. ಈ −9 ಎಂಬುದು ಪ್ರಕೃತಿಯ ಅಂಕಿ ಅಲ್ಲ, ನೀವು ಎಷ್ಟು ಸಾಲು ತೆಗೆದುಕೊಂಡಿರಿ ಎಂಬುದರ ಮೇಲೆ ನಿಂತದ್ದು. ಹಾಗಾಗಿ ಋಣ ಬೆಲೆಯ ಎರಡು ತಾಣಗಳಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಎಂದು ವಾದಿಸುವುದು ವ್ಯರ್ಥ. ಮಾನವ ತಾಣ ಕೆಲಸ ಮಾಡಲು ಕನಿಷ್ಠ 1.6 ಬಿಟ್ ಬೇಕೆಂದು ರೋಗನ್ ತಂಡ ಅಂದಾಜಿಸಿತ್ತು. ಅದು ಅವರ ಕೋಷ್ಟಕದ ಗಡಿ, ನಿಮ್ಮ ಕೋಷ್ಟಕಕ್ಕೆ ಸ್ವಲ್ಪ ಅತ್ತಿತ್ತ ಆಗುತ್ತದೆ.

ಕೋಷ್ಟಕ ಸೋಲುವ ಜಾಗ

ಮೇಲಿನ ಬದಲಾವಣೆಗಳಲ್ಲಿ ಮೂಲ ಡೋನರ್ ಕೆಟ್ಟಾಗ ಕತ್ತರಿ ಸುತ್ತಲಿನ ಮೂರು ಗುಪ್ತ ತಾಣಗಳಿಗೆ (ಡೋನರನ್ನು ಹೋಲಿದರೂ ಸಾಮಾನ್ಯವಾಗಿ ಬಳಕೆಯಾಗದವಕ್ಕೆ) ಬೀಳುತ್ತದೆಂದು 1980ರ ದಶಕದಲ್ಲೇ ಪ್ರಯೋಗದಿಂದ ತಿಳಿದಿದೆ. ಎರಡು ಮೊದಲ ಎಕ್ಸಾನಿನೊಳಗೆ, ಗಡಿಯಿಂದ 38 ಮತ್ತು 16 ಅಕ್ಷರ ಹಿಂದೆ. ಒಂದು ಇಂಟ್ರಾನಿನ 13ನೆಯ ಅಕ್ಷರದಲ್ಲಿ. ಇವಕ್ಕೂ ಬೆಲೆ ಕಟ್ಟಿ ನೋಡಿ.

−38: ಎ-ಎ-ಜಿ | ಜಿ-ಟಿ-ಜಿ-ಎ-ಎ-ಸಿ, 7.1 ಬಿಟ್.
−16: ಜಿ-ಟಿ-ಜಿ | ಜಿ-ಟಿ-ಜಿ-ಎ-ಜಿ-ಜಿ, 8.2 ಬಿಟ್.
+13: ಎ-ಎ-ಜಿ | ಜಿ-ಟಿ-ಟಿ-ಎ-ಸಿ-ಎ, 2.8 ಬಿಟ್.

ಅಸಲಿ ತಾಣಕ್ಕೆ 6.0, ಅದರ ಪಕ್ಕದ ನಕಲಿಗೆ 8.2! ಕೋಷ್ಟಕವನ್ನೇ ನಂಬಿದರೆ ಆರೋಗ್ಯವಂತರಲ್ಲೂ ಕತ್ತರಿ −16ಕ್ಕೆ ಬೀಳಬೇಕಿತ್ತು. ಹಾಗೆ ಆಗುವುದಿಲ್ಲ. ಇಲ್ಲಿ ಲೆಕ್ಕ ತಪ್ಪಿಲ್ಲ. ಲೆಕ್ಕಕ್ಕೆ ಕೇಳಿದ ಪ್ರಶ್ನೆ ತಪ್ಪು. ಈ 9 ಅಕ್ಷರದಾಚೆ ಎಕ್ಸಾನಿನಲ್ಲಿ ಸ್ಪ್ಲೈಸಿಂಗನ್ನು ಉತ್ತೇಜಿಸುವ, ತಡೆಯುವ ತುಣುಕುಗಳಿರುತ್ತವೆ, ತಾಣತಾಣಗಳ ನಡುವೆ ಪೈಪೋಟಿ ಇರುತ್ತದೆ. ಅದ್ಯಾವುದೂ ಕೋಷ್ಟಕಕ್ಕೆ ಕಾಣುವುದಿಲ್ಲ. ಒಂದೇ ತಾಣದ ಮೊದಲಿನ ಬೆಲೆ ಮತ್ತು ಬದಲಾದ ಮೇಲಿನ ಬೆಲೆ ಹೋಲಿಸುವಾಗ ಸುತ್ತಲಿನದ್ದೆಲ್ಲ ಹಾಗೇ ಇರುವುದರಿಂದ ಅಂಕಿ ನಂಬಿಕೆಗೆ ಅರ್ಹ. ಬೇರೆ ಬೇರೆ ಜಾಗದ ಎರಡು ತಾಣಗಳನ್ನು ಹೋಲಿಸುವಾಗ ಅಷ್ಟು ಅಲ್ಲ. ಅಡಿಕೆ ಮಾರುವವರು ಇವತ್ತಿನ ಡಬಲ್ ಚೋಲ್ ದರವನ್ನು ನಿನ್ನೆಯ ಡಬಲ್ ಚೋಲ್ ದರದ ಜತೆ ಇಟ್ಟು ನೋಡುತ್ತಾರೆ, ಬೇರೆ ದರ್ಜೆಯಾದ ಪಟೋರದ ದರದ ಜತೆ ಅಲ್ಲ.

ಇದೇ −16ರ ತಾಣದಲ್ಲಿ ಇನ್ನೊಂದು ಪಾಠವಿದೆ. ಹಿಮೋಗ್ಲೋಬಿನ್ ಇ ಎಂಬ ಬದಲಾವಣೆಯಲ್ಲಿ ಅದರ +3ನೆಯ ಅಕ್ಷರ ಜಿ ಹೋಗಿ ಎ ಆಗುತ್ತದೆ. ಕತ್ತರಿಯ ಒಂದು ಪಾಲು ಈ ಗುಪ್ತ ತಾಣಕ್ಕೆ ತಿರುಗುತ್ತದೆ. ನಮ್ಮ ಕೋಷ್ಟಕದಲ್ಲಿ ಮಾತ್ರ ಏರಿಕೆ 0.18 ಬಿಟ್ ಅಷ್ಟೇ, ಏಕೆಂದರೆ +3ರಲ್ಲಿ ಎ, ಜಿ ಎರಡೂ ಸರಾಸರಿಯಲ್ಲಿ ಬಹುತೇಕ ಸಮ. ಸಣ್ಣ ಏರಿಕೆ ಬಂದಲ್ಲಿ ‘ಪರಿಣಾಮ ಇಲ್ಲ’ ಎಂದು ಬರೆಯಬೇಡಿ. ‘ಈ ಮಾದರಿಗೆ ಕಾಣಲಿಲ್ಲ’ ಎಂದು ಬರೆಯಿರಿ.

ಎಷ್ಟು ಬಿಟ್ ಕೊರತೆ ಇದೆ ಎಂದೂ ಲೆಕ್ಕ ಹಾಕಬಹುದು. ಬೀಟಾ ಗ್ಲೋಬಿನ್‌ನ ಮೊದಲ ಆರ್‌ಎನ್‌ಎ ಸುಮಾರು 1600 ಅಕ್ಷರ, ಅದರಲ್ಲಿ ಡೋನರ್ ಎರಡು. 800ರಲ್ಲಿ ಒಂದನ್ನು ಹುಡುಕಲು ಬೇಕಾದದ್ದು 800ರ ಲಾಗ್, ಅಂದರೆ 9.6 ಬಿಟ್. ತಾಣದೊಳಗೆ ಇರುವುದು 6. ಮಿಕ್ಕದ್ದು ಬೇರೆಲ್ಲಿಂದಲೋ ಬರಬೇಕು. ಯಾವ ಜೀನಿಗೂ ಈ ವ್ಯವಕಲನ ಮಾಡಿ ನೋಡಬಹುದು, ಕೊರತೆ ದೊಡ್ಡದಿದ್ದಷ್ಟೂ ಕೋಷ್ಟಕವನ್ನು ಕಡಿಮೆ ನಂಬಿ.

ಮನೆಯಲ್ಲಿ ಯಾರದ್ದಾದರೂ ಪರೀಕ್ಷೆಯ ವರದಿ ಕೈಯಲ್ಲಿದ್ದರೆ ಈ ಲೆಕ್ಕದಿಂದ ತೀರ್ಪು ಹೇಳಲು ಹೋಗಬೇಡಿ. ಅದಕ್ಕೆ ರಕ್ತಪರೀಕ್ಷೆಯೂ ತಳಿ ಸಲಹೆಗಾರರೂ ಇದ್ದಾರೆ.

ಅಕ್ಸೆಪ್ಟರ್

ಕ್ರಮ ಅದೇ, ಕಿಟಕಿ ದೊಡ್ಡದು: ಇಂಟ್ರಾನಿನ ಕೊನೆಯ 20, ಎಕ್ಸಾನಿನ ಮೊದಲ 3. ಎ-ಜಿಗೆ ತಲಾ 2 ಬಿಟ್. ಅದರ ಹಿಂದೆ ಸಿ-ಟಿ ತುಂಬಿದ ಪಟ್ಟಿಯಲ್ಲಿ ಪ್ರತಿ ಸ್ಥಾನಕ್ಕೆ ಅಷ್ಟಷ್ಟೇ. ಚೂರು ಚೂರು ಸೇರಿ ಮೊತ್ತ ದೊಡ್ಡದಾಗುತ್ತದೆ, ಆದ್ದರಿಂದ ಇಲ್ಲಿ ಸಾಲು ಕಡಿಮೆ ಇದ್ದರೆ ತಿದ್ದುಪಡಿ 23 ಸಲ ಕಚ್ಚುತ್ತದೆ. ಕತ್ತರಿಸುವಾಗ ಇಂಟ್ರಾನಿನ ಆರಂಭದ ತುದಿ ಬಂದು ಅಂಟುವ, ಕವಲು ಬಿಂದು ಎಂಬ ಎ ಇನ್ನೂ ಹಿಂದೆ ಇರುತ್ತದೆ, ಅದರ ದೂರ ಜೀನಿನಿಂದ ಜೀನಿಗೆ ಬದಲಾಗುವುದರಿಂದ ಸಾಲುಗಳನ್ನು ಎ-ಜಿಗೆ ಹೊಂದಿಸಿ ನಿಲ್ಲಿಸಿದರೆ ಅದು ಮಸುಕಾಗಿ ಮಾಯವಾಗುತ್ತದೆ.

ಇಲ್ಲಿ ತಾಣವನ್ನು ಮಾತ್ರ ನೋಡದೆ ಸುತ್ತಲಿನ 100 ಅಕ್ಷರವನ್ನೂ ಒಂದೊಂದೇ ಅಕ್ಷರ ಸರಿಸಿ ಅಳೆಯಬೇಕು. ಏಕೆಂದು ಬೀಟಾ ಗ್ಲೋಬಿನ್‌ನ ಮೊದಲ ಇಂಟ್ರಾನಿನ 110ನೆಯ ಅಕ್ಷರ ಹೇಳುತ್ತದೆ. ಮೆಡಿಟರೇನಿಯನ್ ಕಡೆ ಸಾಮಾನ್ಯವಾದ ಈ ಬದಲಾವಣೆಯಲ್ಲಿ ಟಿ-ಟಿ-ಜಿ-ಜಿ ಎಂಬುದು ಟಿ-ಟಿ-ಎ-ಜಿ ಆಗುತ್ತದೆ. ಅಸಲಿ ಅಕ್ಸೆಪ್ಟರ್ ಕೂದಲೂ ಕೊಂಕದೆ ಹಾಗೇ ಇದೆ, ಅದರ ಬೆಲೆ ಒಂದಿಷ್ಟೂ ಇಳಿಯುವುದಿಲ್ಲ. ಆದರೆ 19 ಅಕ್ಷರ ಹಿಂದೆ ಹೊಸ ಎ-ಜಿ ಹುಟ್ಟಿ, ಆ 19 ಅಕ್ಷರ ಸಂದೇಶದೊಳಕ್ಕೆ ಸೇರಿ, ಮೂರು ಮೂರು ಅಕ್ಷರವಾಗಿ ಓದುವ ಕ್ರಮ ಕೆಡುತ್ತದೆ. ಅಸಲಿ ತಾಣವನ್ನಷ್ಟೇ ಅಳೆದವರು ‘ಬದಲಾವಣೆ ಇಲ್ಲ’ ಎಂದು ಬರೆದುಕೊಂಡಿರುತ್ತಾರೆ.

ಅಕ್ಷರಗಳ ನಡುವಿನ ನಂಟು

ಒಂಬತ್ತನ್ನೂ ಬಿಡಿಬಿಡಿಯಾಗಿ ಕೂಡುವಾಗ ಒಂದರ ಇರವು ಇನ್ನೊಂದನ್ನು ಅವಲಂಬಿಸಿಲ್ಲ ಎಂದು ಒಪ್ಪಿಕೊಂಡ ಹಾಗಾಯಿತು. ಅದು ಪೂರ್ತಿ ನಿಜವಲ್ಲ. −1ರಲ್ಲಿ ಜಿ ಇಲ್ಲದ ಡೋನರುಗಳಲ್ಲಿ +5ರ ಜಿ ಇನ್ನೂ ಕಟ್ಟುನಿಟ್ಟಾಗಿ ಉಳಿದಿರುತ್ತದೆ. ಒಂದು ಬದಿ ಸಡಿಲವಾದರೆ ಇನ್ನೊಂದು ಬದಿ ಯು1ನ್ನು ಬಿಗಿಯಾಗಿ ಹಿಡಿಯಬೇಕು. ಇದನ್ನು ಅಳೆಯುವುದು ಪರಸ್ಪರ ಮಾಹಿತಿ. ಎರಡು ಕಾಲಮುಗಳಿಗೆ ‘ಕೌಂಟ್‌ಇಫ್ಸ್’ ಬಳಸಿ 16 ಜೋಡಿಗಳನ್ನು ಎಣಿಸಿ. ಪ್ರತಿ ಜೋಡಿಯ ಪ್ರಮಾಣವನ್ನು, ಬಿಡಿ ಪ್ರಮಾಣಗಳ ಗುಣಲಬ್ಧದಿಂದ ಭಾಗಿಸಿ, ಲಾಗ್ ತೆಗೆದು, ಜೋಡಿಯ ಪ್ರಮಾಣದಿಂದಲೇ ಗುಣಿಸಿ, ಹದಿನಾರನ್ನೂ ಕೂಡಿ.

ಬರುವ ಅಂಕಿ ಚಿಕ್ಕದು, ಹಾಗಾಗಿ ಆಕಸ್ಮಿಕದ ಪಾಲನ್ನು ಬೇರ್ಪಡಿಸದೆ ನಂಬಬಾರದು. ನಂಟೇ ಇಲ್ಲದ ಕಾಲಮುಗಳಲ್ಲೂ ಸರಾಸರಿ 6.5 ಭಾಗಿಸು ಸಾಲುಗಳ ಸಂಖ್ಯೆಯಷ್ಟು ಬಿಟ್ ಬರುತ್ತದೆ: 100 ಸಾಲಿಗೆ 0.065, 1000ಕ್ಕೆ 0.0065. ಒಂದು ಕಾಲಮನ್ನು ಮಾತ್ರ ಯಾದೃಚ್ಛಿಕವಾಗಿ ಕಲಸಿ ನೂರು ಸಲ ಮತ್ತೆ ಲೆಕ್ಕ ಹಾಕಿ, ನಿಜ ಅಂಕಿ ಆ ನೂರಕ್ಕಿಂತಲೂ ಮೇಲಿದ್ದರೆ ಬರೆದುಕೊಳ್ಳಿ. ಕ್ಯಾಲ್ಕ್‌ನಲ್ಲಿ ಇದು ಬೇಸರದ ಕೆಲಸ, ಪೈಥಾನ್‌ನಲ್ಲಿ ಹತ್ತು ಸಾಲು.

ಈ ನಂಟುಗಳನ್ನೆಲ್ಲ ಸೇರಿಸಿ ಜೀನ್ ಯೋ ಮತ್ತು ಕ್ರಿಸ್ಟೋಫರ್ ಬರ್ಜ್ 2004ರಲ್ಲಿ ಮ್ಯಾಕ್ಸ್‌ಎಂಟ್‌ಸ್ಕ್ಯಾನ್ ಎಂಬ ತಂತ್ರಾಂಶ ಕೊಟ್ಟರು. ಅದಕ್ಕೂ ಡೋನರಿಗೆ 9, ಅಕ್ಸೆಪ್ಟರಿಗೆ 23 ಅಕ್ಷರವೇ ಬೇಕು. ನಿಮ್ಮ ಕೋಷ್ಟಕದ ಬೆಲೆಯ ಪಕ್ಕದಲ್ಲಿ ಅದರ ಬೆಲೆಯನ್ನೂ ಇಡಿ; ಎರಡೂ ಲಾಗ್‌ನಲ್ಲೇ ಇದ್ದರೂ ಅಂಕಿ ಅಂಕಿಗೆ ಹೋಲಿಸಬೇಡಿ, ಏರಿತೋ ಇಳಿಯಿತೋ ಎಂಬುದನ್ನು ಹೋಲಿಸಿ. ಕೃತಕ ಬುದ್ಧಿಮತ್ತೆ ಬಳಸುವ 2019ರ ಸ್ಪ್ಲೈಸ್‌ಎಐ 10,000 ಅಕ್ಷರದ ಸುತ್ತಮುತ್ತ ನೋಡುತ್ತದೆ. ಉತ್ತರ ಕೊಡುವುದರಲ್ಲಿ ಅದು ಮುಂದೆ, ಏಕೆ ಎಂದು ಹೇಳುವುದರಲ್ಲಿ ಕೋಷ್ಟಕ ಮುಂದೆ.

ತೆಂಗಿಗೆ ಹಚ್ಚುವಾಗ

1916ರಲ್ಲೇ ತೆಂಗು ಸಂಶೋಧನಾ ಕೇಂದ್ರ ಶುರುವಾದ, ಈಗ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ಇರುವ ಕಾಸರಗೋಡಿನಲ್ಲಿ ಕೂತು ಮಾನವ ಜೀನನ್ನೇ ಅಳೆಯುತ್ತಿರಬೇಕಾಗಿಲ್ಲ. ತೆಂಗಿನ ಜೀನೋಮ್ ಸುಮಾರು 240 ಕೋಟಿ ಅಕ್ಷರ. ಮೊದಲ ಕರಡು 2017ರಲ್ಲಿ ಹೊರಬಂತು. ಆದರೆ ಮಾನವ ಕೋಷ್ಟಕವನ್ನು ತೆಂಗಿಗೆ ಹಚ್ಚಬಾರದು. ಡೋನರ್ ಬಹುಪಾಲು ಹೋಲುತ್ತದೆ, ಅಕ್ಸೆಪ್ಟರ್ ಅಷ್ಟು ಅಲ್ಲ: ಸಸ್ಯಗಳಲ್ಲಿ ಇಂಟ್ರಾನ್ ಉದ್ದಕ್ಕೂ ಟಿ ಹೆಚ್ಚು.

ಇದರಿಂದ ಹಿನ್ನೆಲೆಯ ಪ್ರಶ್ನೆ ಬರುತ್ತದೆ. 2 ಬಿಟ್ ಎಂಬ ಆರಂಭದ ಅಂಕಿ ನಾಲ್ಕೂ ಅಕ್ಷರ ತಲಾ 0.25 ಇದ್ದಾಗಿನದ್ದು. ಸುತ್ತಲೂ ಟಿ 0.35 ಇರುವಲ್ಲಿ, ತಾಣದಲ್ಲಿ 0.46 ಇರುವ ಟಿಗೆ 0.88 ಬಿಟ್ ಕೊಡುವುದು ಉದಾರವಾಯಿತು. ತಾಣದ ಪ್ರಮಾಣವನ್ನು ಹಿನ್ನೆಲೆಯ ಪ್ರಮಾಣದಿಂದ ಭಾಗಿಸಿ ಲಾಗ್ ತೆಗೆದರೆ 0.39 ಮಾತ್ರ. ಹಿನ್ನೆಲೆಯನ್ನು ಇಂಟ್ರಾನುಗಳ ನಡುಭಾಗದಿಂದ ಎಣಿಸಿ, ಗಡಿಯ 50 ಅಕ್ಷರ ಬಿಟ್ಟು. ಮಾನವ ಮತ್ತು ತೆಂಗನ್ನು ಒಂದೇ ಚಿತ್ರದಲ್ಲಿ ತೋರಿಸುವುದಾದರೆ ಎರಡಕ್ಕೂ ಒಂದೇ ಪದ್ಧತಿ ಬಳಸಿ, ಒಂದಕ್ಕೆ 0.25, ಇನ್ನೊಂದಕ್ಕೆ ನಿಜ ಹಿನ್ನೆಲೆ ಎಂದಾದರೆ ಕಾಣುವ ವ್ಯತ್ಯಾಸ ನಿಮ್ಮದೇ ಸೃಷ್ಟಿ.

ಒಂದೇ ಜೀನು, ಎರಡು ಸಂದೇಶ

ಕೋಶ ಒಂದೇ ಜೀನಿನ ಆರ್‌ಎನ್‌ಎಯಲ್ಲಿ ಒಂದು ಎಕ್ಸಾನನ್ನು ಒಮ್ಮೆ ಇಟ್ಟುಕೊಂಡು, ಇನ್ನೊಮ್ಮೆ ಬಿಟ್ಟು ಬೆಸೆಯುವುದುಂಟು. ಆರ್‌ಎನ್‌ಎ ಸೀಕ್ವೆನ್ಸಿಂಗ್ ದತ್ತಾಂಶ ಇದ್ದರೆ ತಾಣದ ಬದಲು ಈ ಆಯ್ಕೆಯನ್ನೇ ಅಳೆಯಬಹುದು. ಸ್ಟಾರ್ ಎಂಬ ತಂತ್ರಾಂಶ ಕೊಡುವ ಜಂಕ್ಷನ್ (ಎರಡು ಎಕ್ಸಾನು ಬೆಸೆದ ಗಡಿ) ಪಟ್ಟಿಯಲ್ಲಿ 7ನೆಯ ಕಾಲಮ್ ಒಂದೇ ಜಾಗಕ್ಕೆ ಹೊಂದಿದ ರೀಡುಗಳ, ಅಂದರೆ ಯಂತ್ರ ಓದಿದ ಆರ್‌ಎನ್‌ಎ ತುಣುಕುಗಳ, ಸಂಖ್ಯೆ, 9ನೆಯದು ಗಡಿಯಾಚೆ ಚಾಚಿದ ಗರಿಷ್ಠ ಅಕ್ಷರ. 8ನೆಯದನ್ನು, ಅಂದರೆ ಹಲವು ಕಡೆ ಹೊಂದಿದ ರೀಡುಗಳನ್ನು, ಸೇರಿಸಬೇಡಿ. ತೆಂಗಿನಂತೆ ಪುನರಾವರ್ತನೆ ತುಂಬಿದ ಜೀನೋಮಿನಲ್ಲಿ ಅದು ದಾರಿ ತಪ್ಪಿಸುತ್ತದೆ.

ಎಕ್ಸಾನೊಂದನ್ನು ಒಳಗೊಳ್ಳುವ ಎರಡು ಜಂಕ್ಷನ್‌ಗಳಲ್ಲಿ 40 ಮತ್ತು 36 ರೀಡು, ಅದನ್ನು ದಾಟಿ ಹೋಗುವ ಜಂಕ್ಷನ್‌ನಲ್ಲಿ 12 ಇದ್ದರೆ, ಮೊದಲೆರಡರ ಸರಾಸರಿ 38. ಒಳಗೊಂಡ ಪಾಲು 38 ಭಾಗಿಸು 50, ಅಂದರೆ 0.76. ಎರಡನ್ನು ಸರಾಸರಿ ಮಾಡದೆ ಕೂಡಿದರೆ ಒಳಗೊಂಡ ಪಾಲಿಗೆ ಸುಮ್ಮನೆ ದುಪ್ಪಟ್ಟು ತೂಕ ಕೊಟ್ಟಂತಾಗುತ್ತದೆ. 0.76 ಮತ್ತು 0.24ರ ಅನಿಶ್ಚಿತತೆ 0.80 ಬಿಟ್. ಸಸ್ಯಗಳಲ್ಲಿ ಹೆಚ್ಚಾಗಿ ಕಾಣುವುದು ಎಕ್ಸಾನ್ ಬಿಡುವುದಲ್ಲ, ಇಂಟ್ರಾನ್ ಉಳಿಯುವುದು. ಅಲ್ಲಿ ಎಕ್ಸಾನ್-ಇಂಟ್ರಾನ್ ಗಡಿಗಳೆರಡನ್ನೂ ದಾಟಿದ ರೀಡುಗಳ ಸರಾಸರಿಯನ್ನು ಕತ್ತರಿಸಿ ಬೆಸೆದ ಜಂಕ್ಷನ್‌ನ ರೀಡುಗಳೆದುರು ಇಡಿ. ಮಾದರಿಯಲ್ಲಿ ಡಿಎನ್‌ಎ ಉಳಿದಿದ್ದರೆ ಎಲ್ಲ ಇಂಟ್ರಾನುಗಳೂ ‘ಉಳಿದಂತೆ’ ಕಾಣುತ್ತವೆ. ಡಿಎನ್‌ಎಯನ್ನು ನಾಶ ಮಾಡುವ ಡಿಎನ್‌ಏಸ್ ಹಾಕಿದ್ದಾರೆಯೇ ಎಂದು ಮೊದಲು ಕೇಳಿ. ಜೀನುಗಳಿಲ್ಲದ ಪ್ರದೇಶದಲ್ಲೂ ರೀಡುಗಳು ಹರಡಿದ್ದರೆ ಉತ್ತರ ಅಲ್ಲೇ ಇದೆ.

ಎಲೆಯಲ್ಲಿ ಸಂದೇಶದ ಒಂದು ರೂಪ 0.9, ಇನ್ನೊಂದು 0.1, ತಿರುಳಿನಲ್ಲಿ ಎರಡೂ 0.5 ಎಂದಿಟ್ಟುಕೊಳ್ಳಿ. ಅಂತರ ಅಳೆಯಲು ಎರಡರ ಸರಾಸರಿ, ಅಂದರೆ 0.7 ಮತ್ತು 0.3, ತೆಗೆದುಕೊಂಡು ಅದರ ಅನಿಶ್ಚಿತತೆ 0.88ರಿಂದ ಬಿಡಿ ಅನಿಶ್ಚಿತತೆಗಳಾದ 0.47 ಮತ್ತು 1ರ ಸರಾಸರಿಯನ್ನು ಕಳೆಯಿರಿ: ಸುಮಾರು 0.15 ಬಿಟ್. ಜೆನ್ಸನ್-ಶಾನನ್ ಅಂತರ ಎನ್ನುವುದು ಇದನ್ನೇ. ಪೂರ್ತಿ ಬೇರೆಯಾದರೆ 1, ಒಂದೇ ಆದರೆ 0.

ರೀಡು ಕಡಿಮೆ ಇದ್ದಾಗ ಅನಿಶ್ಚಿತತೆ ನಿಜಕ್ಕಿಂತ ಕಡಿಮೆ ಕಾಣುತ್ತದೆ, ಅಂತರ ನಿಜಕ್ಕಿಂತ ಹೆಚ್ಚು ಕಾಣುತ್ತದೆ. ಎರಡು ರೂಪ, 20 ರೀಡು ಇದ್ದರೆ ಅನಿಶ್ಚಿತತೆಗೆ 0.036 ಬಿಟ್ ಕೂಡಿಸುವುದು ವಾಡಿಕೆ. ಅದಕ್ಕಿಂತ ಒಳ್ಳೆಯದು, ಎರಡೂ ಮಾದರಿಗಳಿಂದ ಒಂದೇ ಸಂಖ್ಯೆಯ ರೀಡುಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿ ಹೋಲಿಸುವುದು. 10ಕ್ಕಿಂತ ಕಡಿಮೆ ರೀಡಿರುವ ಜಂಕ್ಷನ್‌ಗಳನ್ನು ಪಟ್ಟಿಯಿಂದಲೇ ತೆಗೆಯಿರಿ. ಒಂದೇ ಅಂಗಾಂಶದ ಎರಡು ಮರಗಳ ನಡುವಿನ ಅಂತರವನ್ನೂ ಅಳೆದು ಪಕ್ಕದಲ್ಲಿ ಬರೆಯಿರಿ. ಎಲೆ ಮತ್ತು ತಿರುಳಿನ ಅಂತರ ಅದಕ್ಕಿಂತ ದೊಡ್ಡದಿಲ್ಲದಿದ್ದರೆ ವರದಿಯಲ್ಲಿ ಆ ಜೀನಿಗೆ ಜಾಗವಿಲ್ಲ.